ಹತ್ತನೆಯ ಗುಂಡು

ಅವರು ಎಡಗೈಗೆ ಗಡಿಯಾರ ಕಟ್ಟುತ್ತಿದ್ದರು ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಓದಿ ನೋಡಿದ ಅವರ ಮಗಳು, "ಅಪ್ಪಾ ಗಡಿಯಾರನ ಕಟ್ಟತಿದ್ದಿಲ್ರಿ ಸರ" ಎಂದಳು. ಎರಡನೆಯ ಕರಡಿನಲ್ಲಿ ಗಡಿಯಾರ ತೆಗೆದುಹಾಕಿ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿಕೊಂಡಿದ್ದರು ಎಂದು ಬರೆದೆ. ಅದು ತನ್ನ ಮಾವನ ಕನ್ನಡಕ, ಅಪ್ಪನದಲ್ಲ ಎಂದಳು. ಅವಳ ಮಾವನನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವಳ ಅಪ್ಪನ ಅಂತ್ಯಕ್ರಿಯೆಯ ದಿನ.

ಸಂಖ್ಯಾಶಾಸ್ತ್ರ ಕಲಿತು, ಅದನ್ನೇ ಕಾಲೇಜಿನಲ್ಲಿ ಕಲಿಸಿ ನಿವೃತ್ತನಾದವನು ನಾನು. ಇರುವುದು ಒಬ್ಬನೇ ಸಾಕ್ಷಿ, ಅವನೂ ತಡವರಿಸುತ್ತಿದ್ದಾನೆ ಎಂದರೆ ಅವನ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ನನಗೆ ಗೊತ್ತಿದೆ. ಆ ಸಾಕ್ಷಿ ನಾನೇ ಆಗಿರುವುದರಿಂದ ಈ ಮೂರನೆಯ ಕರಡಿನಲ್ಲಿ ಆದಷ್ಟು ಮಟ್ಟಿಗೆ ಇನ್ನೊಬ್ಬರೂ ಒಪ್ಪಿದ್ದನ್ನೇ ಬರೆಯುತ್ತಿದ್ದೇನೆ. ಬೇರೆಯವರು ಒಪ್ಪದ ಕಡೆ ಹಾಗೆಂದು ಹೇಳುತ್ತೇನೆ.

ಎಲ್ಲರೂ ಒಪ್ಪುವ ಸಂಗತಿಗಳು ಇವು. ಅವರು ಕುಳ್ಳಗಿದ್ದರು. ತುಂಬುತೋಳಿನ ಬಿಳಿ ಅಂಗಿ ತೊಡುತ್ತಿದ್ದರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಕಿಸೆಯಲ್ಲಿ ಇವರು ಆರು ಇಂಚಿನ ಸ್ಟೀಲಿನ ಅಳತೆಪಟ್ಟಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಇಡೀ ರೈಫಲ್ ಕ್ಲಬ್ಬಿಗೆ ಅವರು ಕಾಕಾ. ಅವರಿಗಿಂತ ಮೂರು ವರ್ಷ ದೊಡ್ಡವರಾಗಿದ್ದ ನಮ್ಮ ಕಾರ್ಯದರ್ಶಿಗೂ ಕಾಕಾನೇ.

ಕ್ಲಬ್ಬು ಇರುವುದು ರಾಯಾಪುರದಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಹಿಂದೆ ಹತ್ತಿಯ ಅಂಡಿಗೆಗಳನ್ನು ಒಟ್ಟುತ್ತಿದ್ದ ಗೋಡೌನಿನಲ್ಲಿ. ಅಲ್ಲಿ ಹತ್ತು ಮೀಟರ್ ದೂರದ ಗುರಿ. ಗಾಳಿಯ ಒತ್ತಡಕ್ಕೆ ಹಾರುವ ಸೀಸದ ಗುಂಡು, ಕಡಲೆಬೇಳೆಗಿಂತ ಸಣ್ಣದು. ಕಾಕಾ ಬೆಂಗೇರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಯಂತ್ರಗಳ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದದ್ದನ್ನು ಒಪ್ಪಿ, ಇಲ್ಲದ್ದನ್ನು ತಿರುಗಿಸಿ ಕಳಿಸುವುದು ಅವರ ನೌಕರಿಯಾಗಿತ್ತು. ನಿವೃತ್ತಿಯ ನಂತರ ನಮ್ಮಲ್ಲಿ ರೈಫಲ್ ರಿಪೇರಿ, ಹೊಸಬರಿಗೆ ಪಾಠ, ಕಾರ್ಡುಗಳ ಅಳತೆ, ಕಸ ಹೊಡೆಯುವುದು, ಎಲ್ಲವೂ ಅವರದೇ.

ನಾನು ಅಲ್ಲಿಗೆ ಹೋದದ್ದು ಹೆಂಡತಿಯ ಮಾತಿನಿಂದ. ನಿವೃತ್ತನಾದ ಮೇಲೆ ಹಾರ್ಮೋನಿಯಂ, ಜೇನು ಸಾಕಣೆ, ಉರ್ದು ಲಿಪಿ ಎಂದು ಒಂದೊಂದನ್ನೂ ಮೂರು ತಿಂಗಳಿಗೆ ಬಿಟ್ಟಿದ್ದೆ. "ಎಲ್ಲೆರೆ ಒಂದು ಕಡೆ ನಿಂದ್ರೂದು ಕಲೀರಿ" ಎಂದಿದ್ದಳು. ನಿಲ್ಲುವುದನ್ನೇ ಕಲಿಸುವ ಜಾಗ ಇದೊಂದೇ ಎಂದು ಯಾರೋ ಹೇಳಿದರು. ಮೊದಲ ದಿನ ಕಾಕಾ ನನ್ನ ಸುತ್ತ ಒಂದು ಸುತ್ತು ಬಂದರು. ಎಡಪಾದವನ್ನು ತಮ್ಮ ಪಾದದಿಂದ ತುಸು ಸರಿಸಿದರು. ಹಿಂದೆ ಸರಿದು ನೋಡಿ, "ಸರ, ನೀವು ನಿಂತಾಗೂ ಎಲ್ಲೋ ಹೊಂಟಂಗ ಕಾಣ್ತೀರಿ" ಎಂದರು.

ಗುರಿಯ ಕಾರ್ಡಿನ ಮೇಲೆ ಹತ್ತು ಗುಂಡು ಹೊಡೆದರೆ ಅವು ಒಂದಕ್ಕೊಂದು ಎಷ್ಟು ಒತ್ತಾಗಿ ಬಿದ್ದಿವೆ ಎಂಬುದು ಮುಖ್ಯ. ಆ ಗುಂಪಿಗೆ ನಾವು ಗ್ರೂಪ್ ಎನ್ನುತ್ತೇವೆ. ಒಂದರಿಂದ ಒಂದು ಅತಿ ದೂರವಿರುವ ಎರಡು ತೂತುಗಳ ನಡುವಿನ ಅಂತರವೇ ಗ್ರೂಪಿನ ಅಳತೆ. ನಮ್ಮ ಕ್ಲಬ್ಬಿನ ರೈಫಲ್‌ಗಳು ಹಳೆಯವು. ಅವುಗಳ ಗುರಿಗಣ್ಣು ದಿನಕ್ಕೊಂದು ದಿಕ್ಕಿಗೆ ಸರಿಯುತ್ತಿತ್ತು. ಹಾಗಾಗಿ ನಟ್ಟನಡುವಿನ ಚುಕ್ಕೆಗೆ ಬಿತ್ತೇ ಎನ್ನುವುದಕ್ಕಿಂತ ಒಂದೇ ಕಡೆ ಬಿದ್ದವೇ ಎನ್ನುವುದನ್ನೇ ಕಾಕಾ ನೋಡುತ್ತಿದ್ದರು. "ನಡುವಿಂದು ರೈಫಲ್ಲಿನ ತಪ್ಪು. ಚದುರಿದ್ದು ನಿಮ್ಮ ತಪ್ಪು" ಎನ್ನುತ್ತಿದ್ದರು.

ಅಳೆಯಲು ಅವರ ಬಳಿ ಒಂದು ವರ್ನಿಯರ್ ಇತ್ತು. ಅದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡುತ್ತಿದ್ದರು. ಬಿಚ್ಚುವ ಮುಂಚೆ ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುವರು. ಅದರ ದವಡೆಗಳನ್ನು ತೂತುಗಳ ಅಂಚಿಗೆ ತಂದು, ತಾಗಿತೋ ಇಲ್ಲವೋ ಎನ್ನುವಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಓದುವರು. ನಾನು ಒಮ್ಮೆ ಅಳೆಯಲು ಹೋಗಿ ಜೋರಾಗಿ ಒತ್ತಿದೆ. ನನ್ನ ಗ್ರೂಪು ಅವರ ಅಳತೆಗಿಂತ ಸಣ್ಣದಾಗಿ ಬಂತು. "ಒತ್ತಬ್ಯಾಡ್ರಿ ಸರ. ಒತ್ತಿದ್ರ ಅದು ನಿಮಗ ಬೇಕಾದ್ದ ಹೇಳತೈತಿ" ಎಂದರು.

ನಾನು ಕ್ಲಬ್ಬು ಸೇರಿದ ಎರಡನೆಯ ವರ್ಷ ಸಾಫ್ಟ್‌ವೇರ್ ತಂದೆ. ಕಾರ್ಡಿನ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ, ನಡುವಿನ ಕಪ್ಪು ವೃತ್ತದ ಅಗಲ ಇಷ್ಟು ಎಂದು ಹೇಳಿಕೊಟ್ಟರೆ, ಅದು ಉಳಿದದ್ದನ್ನೆಲ್ಲ ತಾನೇ ಅಳೆಯುತ್ತಿತ್ತು. ಪ್ರತಿ ತೂತಿನ ಸುತ್ತ ಹಸಿರು ಉಂಗುರ ಮೂಡುತ್ತಿತ್ತು. ಮೂಲೆಯಲ್ಲಿ ಗ್ರೂಪಿನ ಅಳತೆ, ಸರಾಸರಿ, ಚದುರುವಿಕೆ. ಅದನ್ನು ಕಂಡಾಗ ನನಗಾದ ಸಂತೋಷ ಹಾರ್ಮೋನಿಯಂನಿಂದ ಎಂದೂ ಆಗಿರಲಿಲ್ಲ. ಕಾಕಾ ನನ್ನ ಹಿಂದೆ ಬಗ್ಗಿ ನಿಂತು ನೋಡಿದರು. ಪರದೆಯ ಮೇಲೆ ಮಿಲಿಮೀಟರಿನ ದಶಮಾಂಶ ಚುಕ್ಕೆಯ ನಂತರ ಮೂರು ಅಂಕಿಗಳಿದ್ದವು.

"ಮೊದಲನೇ ಅಂಕಿ ನನ್ನ ವರ್ನಿಯರಿಗೂ ಬರತೈತಿ. ಎರಡನೇದು ತಿಣುಕಿದ್ರ ಬರತೈತಿ. ಈ ಮೂರನೇದು ಯಾರ ಮನೀದ್ರಿ?"

"ಲೆಕ್ಕದಾಗ ಬರ್ತದ ಕಾಕಾ."

"ಮಳಿಗಾಲದಾಗ ಈ ಕಾರ್ಡು ಇದಕ್ಕಿಂತ ಹೆಚ್ಚು ಉಬ್ಬತೈತ್ರಿ" ಎಂದು ಕಾರ್ಡನ್ನು ಮೂಗಿನ ಹತ್ತಿರ ತಂದು ಮೂಸಿದರು. ತೇವ ಇದೆಯೇ ಎಂದು ನೋಡಲು ಅವರು ಕಾಗದವನ್ನು ಮೂಸುತ್ತಿದ್ದರು.

ಯಂತ್ರವನ್ನು ಕಂಡರೆ ಆಗದ ಹಳೆಯ ಕಾಲದ ಮನುಷ್ಯ ಎಂದು ಯಾರೂ ತಿಳಿಯಬಾರದು. ಅವರು ಸಾಫ್ಟ್‌ವೇರನ್ನು ಬೇಡವೆನ್ನಲಿಲ್ಲ. ಕಾರ್ಖಾನೆಗೆ ಹೊಸ ಗೇಜು ಬಂದರೆ ಹೇಗೆ ನೋಡಬೇಕೋ ಹಾಗೆ ಅದನ್ನು ನೋಡಿದರು. ಒಂದು ತಿಂಗಳು ಪ್ರತಿ ಕಾರ್ಡನ್ನೂ ವರ್ನಿಯರಿನಲ್ಲಿ ಅಳೆದು, ನನ್ನದನ್ನು ಕೇಳುವ ಮುಂಚೆ ತಮ್ಮ ಅಂಕಿಯನ್ನು ಬರೆದಿಟ್ಟು, ಆಮೇಲೆ ಹೋಲಿಸಿದರು. ಕೊನೆಗೆ, "ಪಾಸ್ ಐತ್ರಿ ನಿಮ್ಮ ಹುಡುಗ" ಎಂದರು. ಅಂದಿನಿಂದ ಸಾಫ್ಟ್‌ವೇರಿಗೆ ಹುಡುಗ ಎಂದೇ ಹೆಸರು. "ಹುಡುಗ ಏನಂತಾನ್ರಿ?" "ಹುಡುಗಗ ಇವತ್ತು ಬೆಳಕು ಸಾಲವಲ್ದು." ಹೀಗೆ.

ಆ ಹುಡುಗನನ್ನು ನಂಬಿ ನಾನು ಮೂರ್ಖನಾದ ಕತೆಯನ್ನು ಕ್ಲಬ್ಬಿನಲ್ಲಿ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಅದು ನಿಜವೇ ಇರಬೇಕು. ಒಂದು ಬೇಸಿಗೆಯಲ್ಲಿ ಎಲ್ಲರ ಗ್ರೂಪೂ ದೊಡ್ಡದಾಯಿತು. ಒಬ್ಬಿಬ್ಬರದಲ್ಲ, ಎಲ್ಲರದು. ನಾನು ನಕ್ಷೆ ಬರೆದೆ. ಸೆಕೆ, ಬೆವರು, ಗೋಡೌನಿನ ತಗಡಿನ ಕಾವು, ಹೊಸ ಡಬ್ಬಿಯ ಗುಂಡುಗಳು ಎಂದು ನಾಲ್ಕು ಕಾರಣ ಕೊಟ್ಟು ಒಂದು ಭಾನುವಾರ ಅರ್ಧ ಗಂಟೆ ಮಾತಾಡಿದೆ. ಕಾಕಾ ಕೊನೆಯ ಸಾಲಿನಲ್ಲಿ ಕುಳಿತು ಕಾರ್ಡೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಮಾತು ಮುಗಿದ ಮೇಲೆ ಎದ್ದು ಬಂದರು.

"ಸರ, ಹುಡುಗನ್ನ ಕೇಳ್ರಿ, ಒಂದ ಒಂದು ತೂತಿನ ಅಗಲ ಎಷ್ಟಂತಾನ?"

ಕೇಳಿದೆ. ನಾಲ್ಕೂವರೆ ಮಿಲಿಮೀಟರ್ ಗುಂಡಿನ ತೂತು, ಅದರ ಮಾತಿನಲ್ಲಿ, ಅದಕ್ಕಿಂತ ದೊಡ್ಡದಾಗಿತ್ತು.

"ಸೆಕಿಗೆ ಮಂದಿ ಕೈ ನಡುಗತೈತಿ, ಖರೇ. ಗುಂಡು ಉಬ್ಬತೈತೇನ್ರಿ?"

ಕಿಸೆಯಿಂದ ಸ್ಟೀಲಿನ ಪಟ್ಟಿ ತೆಗೆದು ಕಪ್ಪು ವೃತ್ತದ ಮೇಲಿಟ್ಟರು. ವೃತ್ತವೇ ಸಣ್ಣದಿತ್ತು. ಅಚ್ಚಾದ ಕಾರ್ಡು ಮುಗಿದಿದ್ದರಿಂದ ಆ ತಿಂಗಳು ನಾನೇ ದಪ್ಪ ಕಾಗದದ ಮೇಲೆ ಝೆರಾಕ್ಸ್ ಮಾಡಿಸಿ ತಂದಿದ್ದೆ. ಯಂತ್ರ ಚಿತ್ರವನ್ನು ಕಾಗದಕ್ಕೆ ಹೊಂದಿಸಲು ತುಸು ಕುಗ್ಗಿಸಿತ್ತು. ನಾನು ಮಾತ್ರ ಸಾಫ್ಟ್‌ವೇರಿಗೆ ಹಳೆಯ ಅಗಲವನ್ನೇ ಹೇಳುತ್ತಿದ್ದೆ. ಜನ ಕೆಟ್ಟಿರಲಿಲ್ಲ, ಕಾಗದ ಸಣ್ಣದಾಗಿತ್ತು. ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಗಲಿಲ್ಲ. "ಕಾರಣ ನಾಕೂ ಛಲೋ ಇದ್ವು, ಬಿಡ್ರಿ" ಎಂದರು, ಸಮಾಧಾನ ಮಾಡುವಂತೆ. ಅದೇ ಹೆಚ್ಚು ಚುಚ್ಚಿತು.

ಅವರು ಸಿಟ್ಟಾದದ್ದನ್ನು ನಾನು ಕಂಡಿರುವುದು ಒಂದೇ ಸಲ. ಯಾರೋ ಮಿರ್ಚಿ ಭಜಿ ತಂದಿದ್ದರು, ತಟ್ಟೆ ಇರಲಿಲ್ಲ. ನಾನು ಹೊಡೆದು ಮುಗಿಸಿದ ಒಂದು ಕಾರ್ಡಿನ ಮೇಲೆ ಎರಡು ಮಿರ್ಚಿ ಇಟ್ಟುಕೊಂಡೆ. "ಯಾರೋ ಹತ್ತು ಸಲ ಉಸಿರು ಹಿಡದು ಹೊಡದಾರ. ಅದರ ಮ್ಯಾಲ ಎಣ್ಣಿ ಇಡ್ತೀರಲ್ರಿ!" ಎಂದರು. ಅದು ನನ್ನದೇ ಕಾರ್ಡು ಎಂದೆ. "ನಿಮ್ಮದಾದ್ರ ನಿಮಗೂ ಮರ್ಯಾದಿ ಬ್ಯಾಡೇನ್ರಿ?" ಎಂದು ಮಿರ್ಚಿ ಎತ್ತಿ ನನ್ನ ಅಂಗೈಗೆ ಹಾಕಿದರು. ಬಿಸಿಯಿತ್ತು.

ಈಗ ಆ ಹತ್ತನೆಯ ಗುಂಡಿನ ವಿಷಯಕ್ಕೆ ಬರಬೇಕು. ಬರೆಯಲು ಕೂತದ್ದೇ ಅದಕ್ಕಾಗಿ. ಇಷ್ಟು ಹೊತ್ತು ಅದನ್ನು ಮುಂದೂಡುತ್ತಿದ್ದೆನೆಂದು ಈಗ ಅನ್ನಿಸುತ್ತಿದೆ.

ಚೆನ್ನಾಗಿ ಹೊಡೆಯುವವರ ಕಾರ್ಡಿನಲ್ಲಿ ಒಂದು ತೊಡಕಿದೆ. ಗುಂಡುಗಳು ಒಂದರ ಮೇಲೊಂದು ಬಿದ್ದು ಎಲ್ಲ ಸೇರಿ ಒಂದೇ ಹರಕು ತೂತಾಗುತ್ತದೆ. ಅದರೊಳಗೆ ಎಂಟು ಹೋಗಿವೆಯೋ ಒಂಬತ್ತೋ ಯಾರು ಹೇಳಬೇಕು? ಕಾಕಾ ಇದಕ್ಕೊಂದು ಉಪಾಯ ಮಾಡಿದ್ದರು. ಕಾರ್ಡಿನ ಹಿಂದೆ, ಅದಕ್ಕೆ ತಾಗದಂತೆ, ಹಳೆಯ ಕ್ಯಾಲೆಂಡರಿನ ಉದ್ದನೆಯ ಪಟ್ಟಿಯೊಂದನ್ನು ಇಳಿಬಿಡುತ್ತಿದ್ದರು. ಪಟ್ಟಿಗೆ ದಾರ. ಒಂದು ಗುಂಡು ಬಿದ್ದೊಡನೆ ದಾರವನ್ನು ಬೆರಳಗಲ ಎಳೆಯುವರು. ಮುಂದೆ ಕಾರ್ಡಿನಲ್ಲಿ ಒಂದೇ ತೂತಾದರೂ ಹಿಂದೆ ಪಟ್ಟಿಯಲ್ಲಿ ಸಾಲಾಗಿ ಹತ್ತು ತೂತು ಸಿಗುತ್ತಿದ್ದವು. ಜೊತೆಗೆ ಬಾಯಲ್ಲಿ ಏನು ಮಾತು ನಡೆದಿದ್ದರೂ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸರಿಯುತ್ತಿತ್ತು. ಗುಂಡು ಹಿಂದಿನ ಕಬ್ಬಿಣದ ಡಬ್ಬಿಗೆ ಬಡಿದ ಸದ್ದನ್ನು ಅದು ಎಣಿಸುತ್ತಿತ್ತು.

ಆ ಪಟ್ಟಿಯನ್ನು ತೆಗೆಸಿದವನು ನಾನು. ತೂತಿನೊಳಗಿಂದ ಕ್ಯಾಲೆಂಡರಿನ ಕೆಂಪು ಅಂಕಿಗಳು, ದೇವರ ಚಿತ್ರದ ಬಣ್ಣ ಇಣುಕಿ ಹಸಿರು ಉಂಗುರಗಳೆಲ್ಲ ಎಲ್ಲೆಲ್ಲೋ ಮೂಡುತ್ತಿದ್ದವು. ಕಾರ್ಡು ಕಳಚಿ ಫೋಟೋ ತೆಗೆಯೋಣವೆಂದರೆ ಹರಿದ ಅಂಚುಗಳು ಮಡಚಿಕೊಳ್ಳುತ್ತಿದ್ದವು. ಪಟ್ಟಿ ಬೇಡ, ಕಾರ್ಡಿನ ಬೆನ್ನಿಗೆ ತೆಳುವಾದ ಬಿಳಿ ಕಾಗದ ಅಂಟಿಸಿರಿ ಎಂದೆ.

"ಎಣಿಕಿಗೆ ಏನ ಮಾಡೋಣ್ರಿ?" ಎಂದು ಕೇಳಿದರು.

"ಸಾಫ್ಟ್‌ವೇರ್ ಅಂಚು ನೋಡಿ ಎಣಸ್ತದ ಕಾಕಾ" ಎಂದೆ.

ಆ ವರ್ಷ ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಒಬ್ಬರನ್ನು ಕಳಿಸುವುದಿತ್ತು. ಹೋದವರಿಗೆ ಕ್ಲಬ್ಬಿನ ಒಂದೇ ಒಂದು ಒಳ್ಳೆಯ ರೈಫಲ್ಲು ವರ್ಷವಿಡೀ ಸಿಗುತ್ತಿತ್ತು. ಸ್ವಂತ ರೈಫಲ್ ಇದ್ದವರಿಗೆ ಇದು ದೊಡ್ಡ ವಿಷಯವಲ್ಲ. ಶಿವಲೀಲಾಳಿಗೆ ಅದೇ ಎಲ್ಲ. ಅವಳು ಅಮ್ಮಿನಬಾವಿಯವಳು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದು, ಮುಖಕ್ಕೆ ನೀರು ಹಾಕಿಕೊಂಡು, ಎಲ್ಲರೂ ಬೇಡವೆಂದು ಬಿಟ್ಟ ಹಳೆಯ ರೈಫಲ್ಲಿನಿಂದ ಹೊಡೆಯುತ್ತಿದ್ದಳು. ಅವಳಿಗೆ ಆಗ ಇಪ್ಪತ್ತಾರು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಒಮ್ಮೆಯಾದರೂ ರಾಜ್ಯಮಟ್ಟಕ್ಕೆ ಹೋಗಿಬಂದರೆ ಅಪ್ಪ ಇನ್ನೊಂದು ವರ್ಷ ಬಿಡುತ್ತಾನೆ ಎಂದು ಅವಳ ಲೆಕ್ಕ. ಇದನ್ನು ಅವಳು ಎಲ್ಲರೆದುರು ಹೇಳಿದ್ದಳು, ಗುಟ್ಟೇನಲ್ಲ.

ಆಯ್ಕೆಯ ನಿಯಮ ಬರೆದವನೂ ನಾನೇ. ಐದು ಭಾನುವಾರ, ಐದು ಕಾರ್ಡು, ಗ್ರೂಪುಗಳ ಸರಾಸರಿ. ಹಿಂದೊಮ್ಮೆ ಒಬ್ಬರು ಒಂಬತ್ತೇ ಗುಂಡು ಹೊಡೆದು ಹತ್ತು ಎಂದಿದ್ದರಿಂದ ಇನ್ನೊಂದು ಸಾಲು ಸೇರಿಸಿದ್ದೆ: ಹತ್ತು ಗುಂಡುಗಳ ಗುರುತು ಸಿಗದಿದ್ದರೆ ಆ ಕಾರ್ಡು ರದ್ದು.

ನಾಲ್ಕು ವಾರ ಶಿವಲೀಲಾ ಮುಂದಿದ್ದಳು. ಐದನೆಯ ಭಾನುವಾರ ಅವಳು ಹೊಡೆದದ್ದು ನಾನು ಅಲ್ಲಿ ಕಂಡ ಅತ್ಯುತ್ತಮ ಕಾರ್ಡು. ಒಂದು ಹರಕು ತೂತು, ಅದರ ಪಕ್ಕದಲ್ಲಿ ಎರಡು ಬಿಡಿ ತೂತು, ಅಷ್ಟೇ. ನಾನು ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಹರಕು ತೂತಿನ ಅಂಚಿನಲ್ಲಿ ಸಾಫ್ಟ್‌ವೇರ್ ಏಳು ಉಂಗುರ ಬರೆಯಿತು. ಬಿಡಿ ಎರಡು. ಒಟ್ಟು ಒಂಬತ್ತು. ದೊಡ್ಡದು ಮಾಡಿ ನೋಡಿದೆ, ಬೆಳಕು ಬದಲಿಸಿದೆ. ಒಂಬತ್ತು.

"ಹತ್ತೂ ಅದಾವ್ರಿ" ಎಂದರು ಕಾಕಾ. "ನಾ ಎಣಿಸೇನಿ."

"ಕೇಳಿದ್ದು ಸಾಕ್ಷಿ ಆಗೂದಿಲ್ಲ ಕಾಕಾ."

"ಹತ್ತನೇದು ಆ ತೂತಿನೊಳಗ ಹೋಗೇತಿ. ಅಳತಿ ಏನೂ ಬದಲಾಗೂದಿಲ್ಲ."

"ಹೋಗಿದ್ರ ಬದಲಾಗೂದಿಲ್ಲ, ಖರೇ. ಆದ್ರ ಹೋಗಿಲ್ಲಂದ್ರ?"

ಶಿವಲೀಲಾ ರೈಫಲ್ ಒರೆಸುತ್ತಿದ್ದವಳು ಅಲ್ಲಿಂದಲೇ ಕೇಳಿದಳು. "ಸರ, ನಾ ಸುಳ್ಳ ಹೇಳಾಕತ್ತೇನೇನ್ರಿ?"

ಹಾಗಲ್ಲ ತಂಗಿ ಎಂದೆ. ಹಾಗಲ್ಲ ಎನ್ನುವುದಕ್ಕೆ ಏನೂ ಅರ್ಥವಿರಲಿಲ್ಲ.

ಕಾಕಾ ವಾದ ಮಾಡಲಿಲ್ಲ. ಅವಳು ಗುರಿಯಿಟ್ಟಿದ್ದ ಸಾಲಿನ ಕೊನೆಗೆ ಹೋಗಿ ಕಾರ್ಡಿನ ಹಿಂದಿದ್ದ ಕಬ್ಬಿಣದ ಡಬ್ಬಿಯನ್ನು ಕಳಚಿ ತಂದರು. ಕಾರ್ಡು ಈ ಡಬ್ಬಿಯ ಬಾಯನ್ನು ಪೂರ್ತಿ ಮುಚ್ಚಿರುತ್ತದೆ. ಡಬ್ಬಿಯೊಳಗೆ ಬಿದ್ದ ಯಾವ ಗುಂಡಾದರೂ ಕಾರ್ಡನ್ನು ತೂರಿಯೇ ಬಂದಿರಬೇಕು. ಒಳಗೆ ಹತ್ತು ಗುಂಡಿನ ಸೀಸವಿದ್ದರೆ ಹತ್ತೂ ಕಾರ್ಡಿಗೆ ಬಿದ್ದಂತೆ. ಆದರೆ ಗುಂಡುಗಳು ಬಡಿದು ಚಪ್ಪಟೆಯಾಗಿ, ಕೆಲವು ಒಡೆದು ಚೂರಾಗಿದ್ದವು. ಎಣಿಸಲು ಬರುವಂತಿರಲಿಲ್ಲ.

"ತೂಗಿದ್ರಾತು" ಎಂದರು.

ಕಾರ್ಯದರ್ಶಿಯ ಕಾರಿನಲ್ಲಿ ನಾವು ನಾಲ್ವರೂ ಬೆಂಗೇರಿಗೆ ಹೋದೆವು. ಅಲ್ಲಿ ಕಾಕಾನ ಮನೆಯ ಹತ್ತಿರ ಬಂಗಾರದ ಕೆಲಸದ ಪತ್ತಾರರ ಅಂಗಡಿ. ಪತ್ತಾರರು ಕಾಗದದಲ್ಲಿ ಸುತ್ತಿದ ಸೀಸವನ್ನು ಬಿಚ್ಚಿ ನೋಡಿ ಕಾಕಾನ ಮುಖ ನೋಡಿದರು.

"ಏನ ಕಾಕಾ, ಮಗಳಿಗೆ ಸೀಸದ ಬೋರಮಾಳ ಮಾಡಸ್ತೀರೇನು?"

"ಸುಮ್ಮ ತೂಗಪಾ. ತಕ್ಕಡಿ ಒರಸ್ಕೊ ಮೊದಲ."

"ಬಂಗಾರ ತೂಗೂ ತಕ್ಕಡಿ ಒರಸ್ಕೊ ಅಂತಾರ ನೋಡ್ರಿ, ಸೀಸಕ್ಕ!"

ಒಂದು ತಟ್ಟೆಯಲ್ಲಿ ಡಬ್ಬಿಯ ಸೀಸ. ಇನ್ನೊಂದರಲ್ಲಿ ಅದೇ ಪೊಟ್ಟಣದ ಹೊಸ ಗುಂಡು ಹತ್ತು, ಕಾಕಾ ಒಂದೊಂದಾಗಿ ಎಣಿಸಿ ಇಟ್ಟದ್ದು. ಮುಳ್ಳು ಎರಡು ಸಲ ತೂಗಾಡಿ ನಿಂತಿತು. ಸರಿಸಮ, ಡಬ್ಬಿಯ ಸೀಸದ ಕಡೆ ಕೂದಲೆಳೆಯಷ್ಟು ಹಗುರ. "ಅರ್ಧ ಗುಂಜಿನೂ ಇಲ್ಲ. ಪುಡಿ ಹೋಗಿರತೈತಿ" ಎಂದರು ಪತ್ತಾರರು. ಒಂದು ಹೊಸ ಗುಂಡು ತೆಗೆದು ನೋಡಿದರು. ತಟ್ಟೆ ಧಡಕ್ಕನೆ ಏರಿತು.

ಕಾರ್ಯದರ್ಶಿ ಚಪ್ಪಾಳೆ ಹೊಡೆದರು. ಶಿವಲೀಲಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಬಾಯಿ ತೆರೆದೆ.

"ಡಬ್ಯಾಗ ಮೊದಲೇ ಒಂದು ಗುಂಡು ಉಳಿದಿದ್ರ? ಒಂದು ಹಳೇದು, ಒಂಬತ್ತು ಹೊಸಾವು?"

ಕಾರ್ಯದರ್ಶಿ ಕೈ ಮುಗಿದರು. "ಸರ, ಮನ್ಯಾಗ ಅಕ್ಕಾರು ಚಾ ಕೊಟ್ರ ಅಳದು ಕುಡೀತೀರೇನ್ರಿ?"

ಪತ್ತಾರರೂ ನಕ್ಕರು. ಕಾಕಾ ಮಾತ್ರ, "ಇಲ್ರಿ, ಸರ ಕೇಳೂದು ಬರೋಬ್ಬರಿ ಐತಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಈಕಿ ನಿಲ್ಲೂಕಿಂತ ಮೊದಲ ಡಬ್ಬಿ ಖಾಲಿ ಮಾಡೇನ್ರಿ. ನೀವ ಪಕ್ಕದಾಗ ಇದ್ರಿ. ಡಬ್ಬಿ ನಿಮ್ಮ ಕಡೆ ಹಿಡದೆ. ನೀವು ಒಳಗ ಬೆರಳ ಆಡಿಸಿ ನೋಡಿದ್ರಿ. ನೆನಪೈತ್ರಿ?"

ಮೂವರೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಶಿವಲೀಲಾ ಹೋಗುತ್ತಾಳೆ. ಹೌದು ಎಂದು ಹೇಳಲು ನನಗೆ ಕಷ್ಟವೂ ಇರಲಿಲ್ಲ. ಕಾಕಾ ಡಬ್ಬಿ ಬಗ್ಗಿಸುವುದು, ಸೀಸ ತಗಡಿನ ಮೇಲೆ ಸುರಿಯುವ ಸದ್ದು, ನಾನು ಬೆರಳು ಹಾಕುವುದು, ಎಲ್ಲ ಕಣ್ಣೆದುರಿಗೆ ಬಂತು. ಆದರೆ ಅದು ಯಾವ ದಿನದ್ದು? ಅವರು ಪ್ರತಿ ಸಲವೂ ಹಾಗೆ ಮಾಡುತ್ತಿದ್ದರು. ಆ ಬೆಳಗ್ಗೆ ನಾನು ಲ್ಯಾಪ್‌ಟಾಪಿನ ಪರದೆ ನೋಡುತ್ತಿದ್ದೆನೇ, ಡಬ್ಬಿ ನೋಡುತ್ತಿದ್ದೆನೇ? ನನ್ನ ಮುಖದಲ್ಲಿ ಇದನ್ನೆಲ್ಲ ಅವರು ಓದಿದರೆಂದು ಕಾಣುತ್ತದೆ.

"ಇವತ್ತಿಂದು ನೆನಪೈತೋ, ದಿನಾ ನೋಡಿದ್ದು ನೆನಪೈತೋ?" ಎಂದು ಮೆಲ್ಲಗೆ ಕೇಳಿದರು.

"ದಿನದ್ದು" ಎಂದೆ.

"ಹಂಗಾರ ಇಲ್ಲಂತ ಹೇಳ್ರಿ. ಅದ ಛಲೋ. ಒತ್ತಾಯದ ಹೌದು ಬ್ಯಾಡ."

"ಕಾಕಾ!" ಎಂದಳು ಶಿವಲೀಲಾ. "ನೀವು ಎಣಸೀರಿ, ನಾ ಹೊಡದೇನಿ. ಇವರ ನೆನಪಿಗೆ ಯಾಕ ಕಾಯಬೇಕ್ರಿ?"

"ನೀ ಹತ್ತೂ ಹೊಡದಿ ತಂಗಿ. ನನಗ ಗೊತ್ತೈತಿ. ಆದ್ರ ನಿನಗೂ ನನಗೂ ಗೊತ್ತಿದ್ದದ್ದು ಮೂರನೇದಾವಗ ತೋರಸಾಕ ಬರಬೇಕಲ್ಲ. ಪಟ್ಟಿ ತಗೀ ಅಂದಾಗ ನಾ ಹೂಂ ಅಂದೆ. ಅದು ನನ್ನ ತಪ್ಪು."

ಮತ್ತೊಮ್ಮೆ ಹೊಡೆಯಲಿ ಎಂದು ಕಾರ್ಯದರ್ಶಿ ಹೇಳಿದರು. ಶಿವಲೀಲಾ ಒಪ್ಪಲಿಲ್ಲ. ಹೊಡೆದದ್ದನ್ನು ಮತ್ತೆ ಯಾಕೆ ಹೊಡೆಯಲಿ ಎಂದಳು. ಅಂಗಡಿಯ ಮೆಟ್ಟಿಲಿಳಿದು, ಕಾರಿಗೂ ಕಾಯದೆ, ಬಸ್ಸಿನ ಕಡೆ ನಡೆದುಬಿಟ್ಟಳು. ಕಾಕಾ ಕ್ಲಬ್ಬಿಗೆ ಮರಳಿ ರಜಿಸ್ಟರಿನಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: "ಹತ್ತನೇ ಗುಂಡಿಗೆ ಸಾಕ್ಷಿ ಇಲ್ಲ. ಕಾರ್ಡು ರದ್ದು." ಎರಡನೆಯ ಸ್ಥಾನದಲ್ಲಿದ್ದವರು ಸ್ಪರ್ಧೆಗೆ ಹೋದರು.

ತಪ್ಪು ಅವರದಲ್ಲ ಎಂದು ನಾನು ಹೇಳಬೇಕಿತ್ತು. ಆ ದಿನ ಹೇಳಿದೆನೇ? ಹೇಳಿದೆ ಎಂದು ನನಗೆ ಅನ್ನಿಸುತ್ತದೆ. ಕಾರ್ಯದರ್ಶಿಯನ್ನು ಕೇಳಿದೆ. "ನೀವು ವಾಪಸ್ ಬರೂ ಮುಂದ ಕಾರಿನ್ಯಾಗ ಒಂದು ಅಕ್ಷರ ಮಾತಾಡಿಲ್ರಿ" ಎಂದರು.

ನಾನು ಎರಡು ವಾರ ಕ್ಲಬ್ಬಿಗೆ ಹೋಗಲಿಲ್ಲ. ಮೂರನೆಯ ವಾರ ಕಾಕಾ ಸೈಕಲ್ಲು ತುಳಿದುಕೊಂಡು ಧಾರವಾಡದ ನನ್ನ ಮನೆಗೇ ಬಂದರು. ಆ ವಯಸ್ಸಿನಲ್ಲಿ, ಅಷ್ಟು ದೂರ. ನನ್ನ ಹೆಂಡತಿ ಕೊಟ್ಟ ಶುಂಠಿಯ ಚಹಾ ಕುಡಿದರು. ಕೈಚೀಲದಿಂದ ಒಂದು ಹಳೆಯ ಗೋಡೆ ಗಡಿಯಾರದ ಯಂತ್ರ, ಎರಡು ಸಣ್ಣ ಉರುಳೆ, ಅಚ್ಚ ಬಿಳಿ ಕಾಗದದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಇಟ್ಟರು.

"ದಾರ ಎಳ್ಯೂದು ಬ್ಯಾಡ. ಗಡಿಯಾರ ತಾನ ಎಳಕೊಳ್ಳತೈತಿ. ಕಾಗದ ಬಿಳೇದೈತಿ, ನಿಮ್ಮ ಹುಡುಗಗ ತ್ರಾಸಿಲ್ಲ. ಎಷ್ಟು ಲಗೂ ಸರೀಬೇಕು, ಲೆಕ್ಕಾ ಹಾಕಿ ಕೊಡ್ರಿ."

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಕಾಕಾ?"

"ಯಾಕ್ರಿ? ನೆನಪಿಲ್ಲ ಅಂದ್ರಿ. ಅದೂ ಒಂದು ಅಳತೀನ" ಎಂದು ಚಹಾದ ಬಸಿಯನ್ನು ಕೆಳಗಿಟ್ಟರು. "ಲೆಕ್ಕಾ ಹಾಕ್ರಿ. ನಾ ಸಂಜೀಕ ಮನಿ ಮುಟ್ಟಬೇಕು."

ಶಿವಲೀಲಾಳ ಮನೆಗೂ ಅವರು ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಮ್ಮಿನಬಾವಿಗೆ ಹೋಗಿ ಅವಳ ಅಪ್ಪನೆದುರು ಕುಳಿತು, ಆ ಕಾರ್ಡನ್ನು ತೋರಿಸಿ, ಇಂಥ ಕಾರ್ಡು ತಾವು ಇಷ್ಟು ವರ್ಷದಲ್ಲಿ ಅಳೆದಿಲ್ಲ ಎಂದರಂತೆ. ಅಪ್ಪನಿಗೆ ಏನು ತಿಳಿಯಿತೋ. ಒಂದು ವರ್ಷ ಬಿಟ್ಟ. ಮರುವರ್ಷ ಗಡಿಯಾರದ ಪಟ್ಟಿಯ ಮೇಲೆ ಐದೂ ಭಾನುವಾರ ಹತ್ತು ಹತ್ತು ತೂತು ಸಾಲಾಗಿ ಬಿದ್ದವು. ಅವಳು ಹೋದಳು. ಗೆಲ್ಲಲಿಲ್ಲ, ಸೋತೂ ಬರಲಿಲ್ಲ, ನಡುವಿನಲ್ಲೆಲ್ಲೋ ಇದ್ದಳು. ಹೊರಟ ದಿನ ರೈಫಲ್ಲಿನ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದವರು ಕಾಕಾ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಕಾರ್ಡುಗಳ ಅಳತೆ ಈಗ ಶಿವಲೀಲಾಳದು. ಮದುವೆಯಾಗಿ ಹುಬ್ಬಳ್ಳಿಯಲ್ಲೇ ಇದ್ದಾಳೆ; ಭಾನುವಾರ ಬರುತ್ತಾಳೆ. ಬೆಂಗೇರಿಯ ಅಂಗಡಿಯಿಂದ ಎದ್ದುಹೋದ ಮೇಲೆ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಬೆಳಕು ಹಾಕ್ರಿ, ಕಾರ್ಡು ಕೊಡ್ರಿ, ಅಷ್ಟೇ. ಹೋದ ವಾರ ಈ ಕರಡನ್ನು ಅವಳಿಗೆ ಓದಲು ಕೊಟ್ಟೆ. ಅವಳು ನಿಂತೇ ಓದಿದಳು.

"ಬೋರಮಾಳ ಅಂದಿಲ್ರಿ ಪತ್ತಾರ್ರು. ಜುಮಕಿ ಅಂದ್ರು" ಎಂದಳು.

ತಿದ್ದಲೇ ಎಂದೆ. ಬೇಡ, ಇರಲಿ ಎಂದಳು. ಹಾಳೆಗಳನ್ನು ಜೋಡಿಸಿ ಕೊಡುತ್ತ, ನನ್ನ ಮುಖ ನೋಡದೆ ಹೇಳಿದಳು:

"ಅವತ್ತು ನಾ ಹತ್ತೂ ಹೊಡದಿದ್ದೆ ಸರ."

"ಹೊಡದಿದ್ದಿ" ಎಂದೆ.

ಅವಳು ತಲೆಯೆತ್ತಿದಳು. "ಸಾಕ್ಷಿ?"

"ಕಾಕಾ ಎಣಿಸಿದ್ರು" ಎಂದೆ.